ಗುಂಡು ಹಾರುವಾಗ ಮಾಡುವ ಕೆಲಸ

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ನಾವೆಲ್ಲ ಶಾಲೆಯಲ್ಲಿ ಭಾಷೆಗಾಗಿ, ಲಿಪಿಗಾಗಿ ಓದಿದ್ದೇವೆ. ಸುಮಾರು ಕ್ರಿ.ಶ. 450ರ ಕಲ್ಲು, ಹದಿನಾರು ಸಾಲು, ಕನ್ನಡದ ಹಳಮೆಗೆ ಸಾಕ್ಷಿ ಎಂದು ಬರೆದು ಅಂಕ ಗಿಟ್ಟಿಸಿದ್ದೇವೆ. ಅದರಲ್ಲಿ ಹೇಳಿರುವುದೇನು ಎಂದು ಕೇಳಿದರೆ ತಡವರಿಸುವವರೇ ಹೆಚ್ಚು. ಕದಂಬರ ಕಾಲದ ಆ ಕಲ್ಲು ಒಂದು ಶೌರ್ಯ ಪ್ರಶಸ್ತಿಯ ದಾಖಲೆ. ಕೇಕಯ, ಪಲ್ಲವರೊಡನೆ ಕಾದಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಎಂದರೆ ಕತ್ತಿಯ ನೆತ್ತರು ತೊಳೆದ ಉಂಬಳಿಯಾಗಿ, ಕೊಟ್ಟರು. ಐನೂರು ವರ್ಷಗಳ ಬಳಿಕ, ತಕ್ಕೋಲಂ ಕಾಳಗ ನಡೆದ 949–50ರ ಸುಮಾರಿಗೆ, ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಇನ್ನೊಂದು ಕಲ್ಲು ನಿಂತಿತು. ಚೋಳರೊಡನೆ ನಡೆದ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರನಿಗೆ ಗಂಗ ಬೂತುಗ ಬೇಕಾದ್ದು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಹಂದಿಯೊಂದನ್ನು ಹಿಡಿದು ತಾನೂ ಸತ್ತ ಆ ನಾಯಿಯ ಚಿತ್ರವೇ ಕಲ್ಲಿನ ಮೇಲಿದೆ.

ಎರಡು ಕಲ್ಲಿನಲ್ಲೂ ಕೊಟ್ಟದ್ದೇನು ಎಂಬುದು ಸ್ಪಷ್ಟವಾಗಿದೆ. ಕಾಳಗದ ನಡುವೆ ಆ ಮನುಷ್ಯನ ಕೈ ಏನು ಮಾಡುತ್ತಿತ್ತು, ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಇಂದಿನ ಪ್ರಶಸ್ತಿಪತ್ರಗಳ ಕಥೆಯೂ ಬಹುತೇಕ ಹೀಗೆಯೇ: ‘ಪ್ರಾಣದ ಹಂಗು ತೊರೆದು’, ‘ಅಪ್ರತಿಮ ಸಾಹಸ’. ಇಂಥ ಮಾತುಗಳ ಹಿಂದೆ ನಡೆದದ್ದೇನು? ಗುಂಡಿನೆದುರು ಕೆಲವರು ನಿಲ್ಲುತ್ತಾರೆ, ಕೆಲವರು ಕುಸಿಯುತ್ತಾರೆ, ನಿಂತವರೇ ಇನ್ನೊಂದು ದಿನ ಕುಸಿಯುತ್ತಾರೆ. ಇದಕ್ಕೆ ಕಾರಣ ಹುಡುಕಿದವರಲ್ಲಿ ದೊರೆಗಳಿದ್ದಾರೆ, ಸೇನಾಧಿಕಾರಿಗಳಿದ್ದಾರೆ, ವೈದ್ಯರಿದ್ದಾರೆ, ಮನಶ್ಶಾಸ್ತ್ರಜ್ಞರಿದ್ದಾರೆ. ಅವರ ಉತ್ತರಗಳು ಒಂದಕ್ಕೊಂದು ಸುಲಭವಾಗಿ ಹೊಂದುವುದಿಲ್ಲ.

ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಸೋಮಾರಿ ಉತ್ತರ ರಕ್ತದ್ದು. ಶೌರ್ಯ ಕುಲದಲ್ಲಿ ಬರುತ್ತದೆ ಎಂಬ ನಂಬಿಕೆಯನ್ನು ಬ್ರಿಟಿಷರು 1857ರ ನಂತರ ಕಡತಕ್ಕೆ ಏರಿಸಿದರು. ಇಂತಿಂಥ ಜಾತಿ, ಪಂಗಡದವರು ಯುದ್ಧಕ್ಕೆ ಹುಟ್ಟಿದವರು, ಉಳಿದವರು ಅಲ್ಲ ಎಂದು ವಿಂಗಡಿಸಿ ನೇಮಕಾತಿಯನ್ನು ಉತ್ತರಕ್ಕೆ ವಾಲಿಸಿದರು. ಮದ್ರಾಸ್ ಕಡೆಯ ಎಷ್ಟೋ ಪಲ್ಟಣಗಳು ಕರಗಿದವು. ಈ ಲೆಕ್ಕಾಚಾರವನ್ನು ಸುಳ್ಳು ಮಾಡಲು ಪರಮವೀರ ಚಕ್ರ ಪಡೆದವರ ಪಟ್ಟಿಯೊಂದೇ ಸಾಕು. 1965ರಲ್ಲಿ ಖೇಮಕರಣ್ ಬಳಿ ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದ ಅಬ್ದುಲ್ ಹಮೀದ್ ಗಾಜಿಪುರದ ದರ್ಜಿ ಮನೆತನದ ಹುಡುಗ. 1971ರಲ್ಲಿ ಗಂಗಾಸಾಗರದಲ್ಲಿ ಮಡಿದ ಆಲ್ಬರ್ಟ್ ಎಕ್ಕಾ ಗುಮ್ಲಾ ಸೀಮೆಯ ಆದಿವಾಸಿ.

ಎರಡನೆಯ ಉತ್ತರ ಋಣದ್ದು. ನಮ್ಮ ವೀರಗಲ್ಲುಗಳ ಜಗತ್ತಿನಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಕಟ್ಟುಪಾಡುಗಳಿದ್ದವು. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ತೆರಬೇಕು. ಒಡೆಯನ ಜೊತೆಗೇ ಸಾಯುವ ಶಪಥ ತೊಟ್ಟ ಹೊಯ್ಸಳರ ಗರುಡರು ಇದನ್ನು ಕೊನೆಯ ತುದಿಗೆ ಒಯ್ದರು. ಇಮ್ಮಡಿ ಬಲ್ಲಾಳ ಸತ್ತಾಗ ಅವನ ಗರುಡ ಕುವರಲಕ್ಷ್ಮ ಹೆಂಡತಿ ಮತ್ತು ಜೊತೆಯವರೊಂದಿಗೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಶಾಸನ ಹೇಳುತ್ತದೆ. ಅದು ನಿಷ್ಠೆ ಹೌದು, ಆದರೆ ನಮ್ಮ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಪ್ರಾಣ ಕೊಡಲು ಸಿದ್ಧನಾಗುವುದು ಬೇರೆ, ಗುಂಡು ಬೀಳುವ ಜಾಗದಲ್ಲಿ ತಲೆ ಕೆಡದಂತೆ ಇರುವುದು ಬೇರೆ.

ಮೂರನೆಯದು ಒಡನಾಟದ ಉತ್ತರ. ಇದಕ್ಕೆ ನಮ್ಮವರು ಯಾವ ಸಂಶೋಧನೆಗೂ ಕಾಯಬೇಕಿರಲಿಲ್ಲ, ಉತ್ತರಕುಮಾರನ ಕಥೆ ಇತ್ತು. ಉತ್ತರನ ಪೌರುಷ ಒಲೆಯ ಮುಂದೆ ಎಂದು ಗಾದೆ ಕಟ್ಟಿ ನಕ್ಕು ಮುಗಿಸಿಬಿಟ್ಟೆವು. ಹೆಂಗಸರ ಮುಂದೆ ಕೊಚ್ಚಿಕೊಂಡವನು ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ, ಸರಿ. ಆದರೆ ಅದೇ ಹುಡುಗ ಸ್ವಲ್ಪ ಹೊತ್ತಿನ ನಂತರ ಅದೇ ಸೇನೆಯ ನಡುವೆ, ಬಾಣಗಳ ನಡುವೆ, ಅರ್ಜುನನ ಸಾರಥಿಯಾಗಿ ಕುದುರೆಗಳ ಲಗಾಮು ಹಿಡಿದು ಕೂತಿದ್ದ. ಗಾದೆ ಈ ಎರಡನೆಯ ಅರ್ಧವನ್ನು ಕೈಬಿಟ್ಟಿದೆ. ರಕ್ತ ಬದಲಾಗಿರಲಿಲ್ಲ, ಋಣವೂ ಹೊಸದಲ್ಲ. ಪಕ್ಕದಲ್ಲಿ ನಂಬಬಹುದಾದ ಒಬ್ಬನಿದ್ದ, ಕೈಗೆ ಒಂದು ಕೆಲಸವಿತ್ತು.

ಈ ‘ಕೈಗೆ ಒಂದು ಕೆಲಸ’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂಬುದು ನನ್ನ ವಾದ. ಇದನ್ನು ನೋಡಲು ಬಂದೂಕು ಹಿಡಿದು ನುಗ್ಗುವವರಿಗಿಂತ ಸ್ಯಾಪರ್‌ಗಳೇ, ಎಂದರೆ ಸೇನೆಯ ಎಂಜಿನಿಯರ್ ಪಡೆಯವರೇ, ಒಳ್ಳೆಯ ಮಾದರಿ. ನುಗ್ಗುವವನಿಗೆ ಆವೇಶದ ಆಸರೆಯಿದೆ. ನೆಲಬಾಂಬ್ ತೆಗೆಯುವವನು ಆವೇಶಕ್ಕೆ ಒಳಗಾದರೆ ಸತ್ತ.

ರಾಮ ರಾಘೋಬಾ ರಾಣೆ ಕಾರವಾರ ತಾಲ್ಲೂಕಿನ ಚೆಂಡಿಯಾದವರು, 1918ರಲ್ಲಿ ಹುಟ್ಟಿದವರು. 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ, ಬರ್ಮಾದಲ್ಲಿ ದುಡಿದು, ಮೇಲೇರಿ ಅಧಿಕಾರಿಯಾದವರು. 1948ರ ಏಪ್ರಿಲ್‌ನಲ್ಲಿ ಅವರಿನ್ನೂ ಸೆಕೆಂಡ್ ಲೆಫ್ಟಿನೆಂಟ್. ಜಮ್ಮು-ಕಾಶ್ಮೀರದಲ್ಲಿ ಪಾಕಿಸ್ತಾನದೊಡನೆ ನಡೆಯುತ್ತಿದ್ದ ಯುದ್ಧದಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿ ತೆರೆಯಬೇಕಿತ್ತು. ರಾಜೌರಿಯಲ್ಲಿ ಜನ ಸಾಯುತ್ತಿದ್ದರು, ತಡ ಮಾಡುವ ಹಾಗಿರಲಿಲ್ಲ. ಏಪ್ರಿಲ್ 8ರಂದು ಡೋಗ್ರಾ ಪಲ್ಟಣದವರು ಬರ್ವಾಲಿ ದಿಣ್ಣೆಯನ್ನು ಹಿಡಿದರು. ಅದರಾಚೆಗೆ ದಾರಿಯುದ್ದಕ್ಕೂ ನೆಲಬಾಂಬ್, ಕಡಿದು ಅಡ್ಡ ಕೆಡವಿದ ಪೈನ್ ಮರಗಳು, ಒಡೆದ ಮೋರಿಗಳು. ಟ್ಯಾಂಕುಗಳು ಒಂದು ಹೆಜ್ಜೆ ಮುಂದಿಡುವಂತಿರಲಿಲ್ಲ. ರಾಣೆಯ ತುಕಡಿ ಕೆಲಸಕ್ಕೆ ಇಳಿಯುತ್ತಿದ್ದಂತೆಯೇ ಮೋರ್ಟಾರ್ ಶೆಲ್ ಬಿತ್ತು. ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಐವರಲ್ಲಿ ರಾಣೆಯೂ ಒಬ್ಬರು, ಪೆಟ್ಟು ತೊಡೆಗೆ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ನೆಲಬಾಂಬ್ ತೆಗೆಯುವವನು ಹೊಟ್ಟೆಯ ಮೇಲೆ ಮಲಗುತ್ತಾನೆ. ಮೊನಚಾದ ಸಲಾಕೆಯನ್ನು ಓರೆಯಾಗಿ ಹಿಡಿದು ಮಣ್ಣಿಗೆ ಮೆತ್ತಗೆ ಚುಚ್ಚುತ್ತಾನೆ. ನೇರವಾಗಿ ಒತ್ತಿದರೆ ತಲೆಯ ಮೇಲಿನ ತಟ್ಟೆ ಅದುಮಿ ಬಾಂಬ್ ಸಿಡಿಯುತ್ತದೆ. ಗಟ್ಟಿಯಾದ್ದೇನೋ ತಾಗಿದರೆ ಸಲಾಕೆ ಬದಿಗಿಟ್ಟು ಬೆರಳಿನಿಂದ ಮಣ್ಣು ಕೆದರುತ್ತಾನೆ. ಕಲ್ಲೋ ಕಬ್ಬಿಣವೋ ಬೆರಳ ತುದಿಗೆ ಗೊತ್ತಾಗಬೇಕು. ಕಬ್ಬಿಣವೇ ಆದರೆ ಅಂಚಿನುದ್ದಕ್ಕೂ ಸವರಿ, ಅಡಿಯಲ್ಲಿ ತಂತಿ ಕಟ್ಟಿ ಮೋಸ ಇಟ್ಟಿದ್ದಾರೆಯೇ ಎಂದು ತಡಕಿ ನೋಡಬೇಕು. ಆಮೇಲೆ ನಿಷ್ಕ್ರಿಯಗೊಳಿಸಿ ಎತ್ತಿಡಬೇಕು. ಮತ್ತೆ ಒಂದು ಗೇಣು ಮುಂದಕ್ಕೆ. ಮನೆಯಲ್ಲಿ ಗುಂಡುಪಿನ್ನು ಕಳೆದುಕೊಂಡವರು ನೆಲ ಸವರುವಷ್ಟೇ ನಿಧಾನ. ಇದೆಲ್ಲ ಮಷಿನ್‌ಗನ್ ಗುರಿಯಿಟ್ಟ ರಸ್ತೆಯ ಮೇಲೆ.

ರಾಣೆ ಮುಂದಿನ ಟ್ಯಾಂಕಿನ ಕೆಳಗೆ ನುಸುಳಿ, ಅದರ ಜೊತೆಗೇ ತೆವಳುತ್ತ ಬಾಂಬ್ ತೆಗೆದರು. ನಿಲ್ಲು, ನಡೆ ಎಂದು ಒಳಗಿನ ಚಾಲಕನಿಗೆ ಹಗ್ಗ ಎಳೆದು ತಿಳಿಸುತ್ತಿದ್ದರು ಎಂದು ಆ ಕಾರ್ಯಾಚರಣೆಯ ವಿವರಗಳು ಹೇಳುತ್ತವೆ. ಮೇಲಿನಿಂದ ಬರುವ ಗುಂಡಿಗೆ ಟ್ಯಾಂಕೇ ಮಾಡು, ಆದರೆ ಚಕ್ರದ ಸರಪಳಿ ಮೈಗೆ ಒಂದು ಮೊಳ ದೂರದಲ್ಲಿ. ಇದನ್ನು ಬರೀ ಧೈರ್ಯ ಎಂದರೆ ಅನ್ಯಾಯವಾಗುತ್ತದೆ. ಅದು ಉಪಾಯ. ಅಲ್ಲೇ, ಆಗಲೇ, ಗಾಯದ ತೊಡೆಯೊಂದಿಗೆ ಹೊಳೆದ ಉಪಾಯ. 8ರಿಂದ 11ರ ತನಕ ಈ ಕೆಲಸ ನಡೆಯಿತು, ಕೊನೆಯ ದಿನ ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ. ಚಿಂಗಸ್‌ವರೆಗೆ ದಾರಿ ತೆರೆಯಿತು, 12ರಂದು ಸೇನೆ ರಾಜೌರಿ ಸೇರಿತು. ರಾಣೆ ಬದುಕುಳಿದು ಪರಮವೀರ ಚಕ್ರ ಪಡೆದರು, 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು, 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲತೀರಕ್ಕೆ ಹೋದವರು ಅವರ ಪುತ್ಥಳಿಯನ್ನು ನೋಡಿರುತ್ತಾರೆ. ಫೋಟೊ ಮಾತ್ರ ಪಕ್ಕದ ಯುದ್ಧನೌಕೆಯದ್ದೇ ಹೆಚ್ಚು.

ಇದೇ ಬಾಂಬೆ ಸ್ಯಾಪರ್‌ಗಳಲ್ಲಿ ಏಳು ವರ್ಷ ಮೊದಲು ಇನ್ನೊಬ್ಬರಿದ್ದರು. ಪ್ರೇಮಿಂದ್ರ ಸಿಂಗ್ ಭಗತ್, ಸೆಕೆಂಡ್ ಲೆಫ್ಟಿನೆಂಟ್. 1941ರ ಆರಂಭದಲ್ಲಿ ಸುಡಾನ್ ಗಡಿಯ ಗಲ್ಲಾಬಾತ್‌ನಿಂದ ಮುಂದಕ್ಕೆ, ಇಟಲಿಯವರು ಹೂತಿಟ್ಟ ಹದಿನೈದು ನೆಲಬಾಂಬ್ ತಾಣಗಳನ್ನು ನಾಲ್ಕು ದಿನದಲ್ಲಿ ತೆರವು ಮಾಡಿದರು. ಐವತ್ತೈದು ಮೈಲಿ ದಾರಿ. ಅವರು ಕೂತಿದ್ದ ವಾಹನ ಎರಡು ಬಾರಿ ಸಿಡಿಯಿತು, ಜೊತೆಯವರು ಸತ್ತರು, ಒಂದು ಕಿವಿಯ ತಮಟೆ ಹರಿಯಿತು. ಬೇರೆಯವರನ್ನು ಕಳಿಸುತ್ತೇವೆ, ಹಿಂದೆ ಬಾ ಎಂದಾಗ ಒಪ್ಪಲಿಲ್ಲ. ಅವರು ಕೊಟ್ಟ ಕಾರಣದಲ್ಲಿ ದೇಶವೂ ಇಲ್ಲ, ಮಾನವೂ ಇಲ್ಲ: ಈ ಬಾಂಬ್‌ಗಳ ಪಟ್ಟು ಈಗ ನನಗೆ ಚೆನ್ನಾಗಿ ತಿಳಿದಿದೆ, ಹೊಸಬನಿಗಿಂತ ನಾನೇ ವಾಸಿ ಎಂಬ ಅರ್ಥದ ಮಾತು. ವಿಕ್ಟೋರಿಯಾ ಕ್ರಾಸ್‌ನ ಪ್ರಶಸ್ತಿಪತ್ರದಲ್ಲೇ ಇದು ದಾಖಲಾಗಿದೆ. ಶೌರ್ಯದ ಬಗ್ಗೆ ಬಂದ ಎಷ್ಟೋ ಗ್ರಂಥಗಳಿಗಿಂತ ಆ ಒಂದು ಕಾರಣ ನನಗೆ ಹೆಚ್ಚು ಹೇಳಿದೆ.

1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಸಂಗಡಿಗರು ಉತ್ತರ ಐರ್ಲೆಂಡ್‌ನಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುತ್ತಿದ್ದ ಬ್ರಿಟಿಷ್ ಸೈನಿಕರನ್ನು ಅಧ್ಯಯನ ಮಾಡಿದರು. ಪದಕ ಪಡೆದವರನ್ನೂ ಪಡೆಯದವರನ್ನೂ ಪ್ರಯೋಗಾಲಯದಲ್ಲಿ ಕೂರಿಸಿ, ಒತ್ತಡದ ಪರೀಕ್ಷೆ ಒಡ್ಡಿ, ಹೃದಯ ಬಡಿತ ಅಳೆದರು. ಪದಕದವರ ಬಡಿತ ಕಡಿಮೆಯೇ ಇತ್ತು. ರಕ್ತದ ವಾದಿಗಳು ಇಲ್ಲಿ ಚಪ್ಪಾಳೆ ತಟ್ಟಬಹುದು. ಆದರೆ ಅದೇ ಅಧ್ಯಯನಗಳು ತರಬೇತಿ, ತನ್ನ ಕುಶಲತೆಯ ಮೇಲಿನ ನಂಬಿಕೆ, ತಂಡದ ಬಲ ಇವು ಭಯವನ್ನು ತಗ್ಗಿಸುತ್ತವೆ ಎಂದೂ ತೋರಿಸಿದವು. ಹುಟ್ಟಿನಿಂದ ಬರುವ ತಣ್ಣನೆಯ ನೆತ್ತರು ಸ್ವಲ್ಪ ಮಂದಿಗೆ ಇರಬಹುದು. ಸೇನೆ ನಡೆಯುವುದು ಉಳಿದವರಿಂದ.

ಆ ಉಳಿದವರ ಬಗ್ಗೆ ಎರಡನೇ ಮಹಾಯುದ್ಧದ ನಂತರ ದೊಡ್ಡ ಗದ್ದಲವೇ ನಡೆಯಿತು. ಅಮೆರಿಕದ ಸೇನಾ ಇತಿಹಾಸಕಾರ ಎಸ್‌.ಎಲ್‌.ಎ. ಮಾರ್ಷಲ್ 1947ರ ತಮ್ಮ ಪುಸ್ತಕದಲ್ಲಿ, ಕಾಳಗದಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಮಂದಿ ಮಾತ್ರ ಬಂದೂಕು ಹಾರಿಸುತ್ತಾರೆ ಎಂದರು. ಅಮೆರಿಕದ ಸೇನೆ ತನ್ನ ತರಬೇತಿಯನ್ನೇ ಬದಲಿಸಿಕೊಂಡಿತು. ಮುಂದೆ 1988ರಲ್ಲಿ ಇತಿಹಾಸಕಾರ ರೋಜರ್ ಸ್ಪಿಲ್ಲರ್ ಮಾರ್ಷಲ್‌ರ ಟಿಪ್ಪಣಿಗಳನ್ನು ತಡಕಿದಾಗ ಆ ಅಂಕಿಗಳಿಗೆ ಆಧಾರವೇ ಸಿಗಲಿಲ್ಲ. ಆದರೂ ಈ ಶೇಕಡಾವಾರು ಇಂದಿಗೂ ಭಾಷಣಗಳಲ್ಲಿ ಓಡಾಡುತ್ತಿದೆ. ಮಾರ್ಷಲ್ ಹೇಳಿದ್ದರಲ್ಲಿ ಉಳಿದದ್ದು ಅಂಕಿಯ ಆಚೆಗಿನ ಮಾತು: ಒಬ್ಬಂಟಿಯಾದವನು ಸ್ತಬ್ಧನಾಗುತ್ತಾನೆ, ಇಬ್ಬರು ಮೂವರು ಸೇರಿ ನಡೆಸಬೇಕಾದ ಮಷಿನ್‌ಗನ್ ಸುತ್ತ ಇರುವವರು ಹಾಗೆ ಸ್ತಬ್ಧರಾಗುವುದಿಲ್ಲ. 1948ರಲ್ಲಿ ಸಮಾಜಶಾಸ್ತ್ರಜ್ಞರಾದ ಶಿಲ್ಸ್ ಮತ್ತು ಜಾನೊವಿಟ್ಜ್ ಜರ್ಮನ್ ಸೈನಿಕರ ಬಗ್ಗೆ ಬರೆದ ಲೇಖನವೂ ಇದೇ ದಿಕ್ಕಿನದು. ಆ ಸೈನಿಕರನ್ನು ಕೊನೆಯವರೆಗೂ ಹಿಡಿದಿಟ್ಟದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಪಕ್ಕದ ಹತ್ತಾರು ಮಂದಿ ಎಂಬುದು ಲೇಖಕರ ನಿಲುವು.

ಲಾರ್ಡ್ ಮೋರನ್ ಇನ್ನೊಂದು ಕಡೆಯಿಂದ ಬಂದರು. ಚರ್ಚಿಲ್‌ರ ವೈದ್ಯರೆಂದು ಹೆಸರಾದ ಅವರು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಪಲ್ಟಣದ ಡಾಕ್ಟರಾಗಿದ್ದವರು. 1945ರಲ್ಲಿ ಪ್ರಕಟವಾದ ಅವರ ಪುಸ್ತಕದ ಮುಖ್ಯ ವಾದ ಇಷ್ಟೇ: ಧೈರ್ಯ ಖರ್ಚಾಗುವ ಸರಕು; ಬ್ಯಾಂಕಿನಲ್ಲಿಟ್ಟ ದುಡ್ಡಿನಂತೆ ತೆಗೆಯುತ್ತಾ ಹೋದರೆ ಒಂದು ದಿನ ಬರಿದಾಗುತ್ತದೆ. ಇದನ್ನು ಒಪ್ಪಿದರೆ ಹೇಡಿತನ ಎಂಬ ಆರೋಪದ ಮುಖವೇ ಬದಲಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆರೋಪದ ಮೇಲೆ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದ ತನ್ನದೇ 306 ಸೈನಿಕರಿಗೆ ಕ್ಷಮೆ ಸಿಗಲು 2006ರವರೆಗೆ ಕಾಯಬೇಕಾಯಿತು. ಅವರಲ್ಲಿ ಕೆಲವರು ವರ್ಷಗಟ್ಟಲೆ ಚೆನ್ನಾಗಿ ಕಾದಿದ್ದವರು.

ಅದೇ ಯುದ್ಧಕ್ಕೆ ಫ್ರಾನ್ಸ್‌ಗೆ ಹೋದ ನಮ್ಮವರ ಮೇಲೂ ಅನುಮಾನ ಬಿದ್ದಿತ್ತು. ಭಾರತೀಯ ಸಿಪಾಯಿಗಳ ಎಡಗೈಗೇ ಗುಂಡು ತಾಗುವುದೇಕೆ, ತಾವೇ ಹೊಡೆದುಕೊಳ್ಳುತ್ತಿದ್ದಾರೆಯೇ ಎಂದು ಗುಸುಗುಸು. ಬ್ರೈಟನ್‌ನ ಆಸ್ಪತ್ರೆಯಲ್ಲಿದ್ದ ಕರ್ನಲ್ ಬ್ರೂಸ್ ಸೀಟನ್ ಸಾವಿರ ಗಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ ಅಂಥ ಪ್ರವೃತ್ತಿಗೆ ಪುರಾವೆಯಿಲ್ಲ ಎಂದು ವರದಿ ಕೊಟ್ಟರು. ಭಯ ಇರಲಿಲ್ಲ ಎಂದಲ್ಲ. ಸೆನ್ಸಾರ್ ಕಣ್ಣು ತಪ್ಪಿಸಲು ಸಿಪಾಯಿಗಳು ಊರಿಗೆ ಬರೆದ ಪತ್ರಗಳಲ್ಲಿ ಭಾರತೀಯರಿಗೆ ಕರಿಮೆಣಸು, ಬ್ರಿಟಿಷರಿಗೆ ಕೆಂಪು ಮೆಣಸು ಎಂಬ ಗುಟ್ಟಿನ ಹೆಸರಿತ್ತು. ಕರಿಮೆಣಸು ಮುಗಿಯುತ್ತ ಬಂತು ಎಂದರೆ ಮನೆಯವರು ಅರ್ಥ ಮಾಡಿಕೊಳ್ಳಬೇಕು. ಹಾಗೆ ಬರೆದು ಅಂಚೆಗೆ ಹಾಕಿ ಮತ್ತೆ ಕಂದಕಕ್ಕೆ ಇಳಿದವರು ಅವರು. ಇತ್ತ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್‌ಗಳು ಕಾರ್ಮೆಲ್ ಗುಡ್ಡ ಹತ್ತಿ ತೋಪುಗಳತ್ತ ಸಾಗಿದರು, ಜೋಧಪುರದವರು ಕೆಳಗಿನಿಂದ ಕುದುರೆ ಓಡಿಸಿದರು. ಚಿತ್ರಗಳಲ್ಲಿ ಉಳಿದದ್ದು ಕುದುರೆ ಓಟ. ಗುಡ್ಡ ಹತ್ತುವುದು ನೋಡಲು ಅಷ್ಟು ಚೆನ್ನಾಗಿರುವುದಿಲ್ಲ.

ಇಲ್ಲಿಂದ ಪ್ರಶ್ನೆಯ ಇನ್ನೊಂದು ಮಗ್ಗುಲು ತೆರೆಯುತ್ತದೆ. ಶೌರ್ಯ ಎಂದು ನಾವು ಪಟ್ಟಿ ಮಾಡುವುದು ಯಾರೋ ಕಂಡು, ಯಾರೋ ಬರೆದು, ಯಾರೋ ಮೇಲಕ್ಕೆ ಕಳಿಸಿದ್ದನ್ನು ಮಾತ್ರ. ಕಾಣುವವರೇ ಇಲ್ಲದಿದ್ದರೆ?

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಲ್ಲಿ ಮೀಸಲು ಪೈಲಟ್. ಯಾರಾದರೂ ತಪ್ಪಿದರೆ ಆ ಜಾಗ ತುಂಬಲು ಇದ್ದವರು. ಹೊರಟ ಮಿಸ್ಟೇರ್ ವಿಮಾನಗಳ ಜೊತೆ ಹೋದರು, ಹಿಂತಿರುಗಲಿಲ್ಲ. ದಾಖಲೆಯಲ್ಲಿ ‘ನಾಪತ್ತೆ’. ಅಲ್ಲಿಗೆ ಮುಗಿಯಿತು. 1979ರಲ್ಲಿ ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಪುಸ್ತಕ ತಂದಾಗ ಬೇರೆಯದೇ ಸಂಗತಿ ಹೊರಬಿತ್ತು. ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ವಿಮಾನವನ್ನು ಹೊಡೆದಿತ್ತು. ಪೆಟ್ಟು ತಿಂದ, ನಿಧಾನಗತಿಯ ಆ ವಿಮಾನ ತಪ್ಪಿಸಿಕೊಂಡು ಓಡುವ ಬದಲು ತಿರುಗಿಬಿದ್ದು ಸ್ಟಾರ್‌ಫೈಟರನ್ನೇ ಕೆಡವಿತ್ತು. ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಹಾರಿ ಬದುಕಿದರು. ಹೊಡೆದವನು ಯಾರು ಎಂದು ಲೆಕ್ಕ ಹಾಕಿದಾಗ ಆ ದಿನ ಅಲ್ಲಿಂದ ಬಾರದೆ ಉಳಿದ ಮಿಸ್ಟೇರ್ ದೇವಯ್ಯನವರದು. 1988ರಲ್ಲಿ, ಇಪ್ಪತ್ತಮೂರು ವರ್ಷದ ನಂತರ, ಮಹಾವೀರ ಚಕ್ರ ಅವರ ಪತ್ನಿಯ ಕೈಸೇರಿತು. ಈಗ ಮಡಿಕೇರಿಯ ವೃತ್ತಕ್ಕೆ ಅವರ ಹೆಸರಿದೆ, ಅವರ ಕಥೆಯ ಎಳೆ ಹಿಡಿದು 2025ರಲ್ಲಿ ಹಿಂದಿ ಚಿತ್ರವೊಂದು ಬಂತು. ಎದುರಾಳಿ ಸತ್ತಿದ್ದರೆ, ಅಥವಾ ಬಾಯಿಬಿಡದೆ ಇದ್ದಿದ್ದರೆ, ಇದೊಂದೂ ಇರುತ್ತಿರಲಿಲ್ಲ.

ಎದುರಾಳಿಯೇ ಸಾಕ್ಷಿಯಾಗುವುದು ಹೊಸದೇನಲ್ಲ. ಕಾರ್ಗಿಲ್‌ನಲ್ಲಿ ಟೈಗರ್ ಹಿಲ್ ಬಳಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಇಲ್ಲಿ ‘ಕರ್ನಲ್’ ಹೆಸರಿನ ಭಾಗ, ಹುದ್ದೆಯಲ್ಲ) ಚೆನ್ನಾಗಿ ಕಾದಿದ ಎಂದು ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಚೀಟಿ ಬರೆದು ಶವದ ಜೇಬಿನಲ್ಲಿಟ್ಟು ಕಳಿಸಿದರು. ಆತನಿಗೆ ಅಲ್ಲಿನ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ಸಿಕ್ಕಿತು. ಬಸಂತರ್ ಕಾಳಗದಲ್ಲಿ 1971ರ ಡಿಸೆಂಬರ್ 16ರಂದು ಮಡಿದ ಇಪ್ಪತ್ತೊಂದರ ಅರುಣ್ ಖೇತರ್ಪಾಲ್ ಅವರ ತಂದೆ ಮೂವತ್ತು ವರ್ಷಗಳ ನಂತರ ಲಾಹೋರ್‌ಗೆ ಹೋದಾಗ, ಅವರನ್ನು ಮನೆಯಲ್ಲಿ ಉಳಿಸಿಕೊಂಡು ಆದರಿಸಿದ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್, ಆ ದಿನ ನಿಮ್ಮ ಮಗನ ಟ್ಯಾಂಕಿಗೆ ಗುಂಡು ಹೊಡೆದವನು ನಾನೇ ಎಂದು ಹೇಳಿಕೊಂಡರು. ದ್ವೇಷ ಇದ್ದ ಕಡೆಯೇ ಇಂಥ ಗುರುತಿಸುವಿಕೆಯೂ ಇರುವುದು ವಿಚಿತ್ರ. ಒಂದೇ ಕಸುಬಿನವರು ಕೆಲಸದ ಅಚ್ಚುಕಟ್ಟನ್ನು ಗುರುತಿಸುವ ಬಗೆ ಇದು ಎಂದುಕೊಂಡರೆ ಅಷ್ಟು ವಿಚಿತ್ರ ಎನಿಸುವುದಿಲ್ಲ.

ಇನ್ನು ಲಡಾಖಿನ ರೆಜಾಂಗ್ ಲಾ. 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ನೇತೃತ್ವದ 13 ಕುಮಾಂವ್‌ನ ಒಂದು ಕಂಪನಿ, ಸುಮಾರು 120 ಮಂದಿ, ಹದಿನಾರು ಸಾವಿರ ಅಡಿ ಎತ್ತರದಲ್ಲಿ ಚೀನೀಯರನ್ನು ಎದುರಿಸಿತು. ಬದುಕಿ ಬಂದ ಬೆರಳೆಣಿಕೆಯ ಮಂದಿ ನಡೆದದ್ದನ್ನು ಹೇಳಿದಾಗ ಹಲವರು ನಂಬಲಿಲ್ಲ. ಆ ಯುದ್ಧದಲ್ಲಿ ಹಿಮ್ಮೆಟ್ಟಿದ ಸುದ್ದಿಯೇ ಎಲ್ಲೆಲ್ಲೂ ಇದ್ದಾಗ ಕೊನೆಯ ಗುಂಡಿನವರೆಗೆ ಕಾದಿದೆವು ಎಂದರೆ ಯಾರು ನಂಬುತ್ತಾರೆ? 1963ರ ಫೆಬ್ರವರಿಯಲ್ಲಿ ಕುರಿಗಾಹಿಯೊಬ್ಬ ಆ ಕಡೆ ಹೋದ ಮೇಲೆ ಶವಗಳ ವಿಷಯ ತಿಳಿಯಿತು. ಹಿಮದಲ್ಲಿ ಹೆಪ್ಪುಗಟ್ಟಿದ್ದವರು ಇದ್ದ ಜಾಗದಲ್ಲೇ ಇದ್ದರು, ಕೈಯಲ್ಲಿ ಆಯುಧ ಹಾಗೆಯೇ. ಶುಶ್ರೂಷಕ ಧರ್ಮಪಾಲ್ ದಹಿಯಾ ಅವರ ಕೈಯಲ್ಲಿ ಸಿರಿಂಜು ಇತ್ತು.

ಆ ಸಿರಿಂಜಿಗೆ ವೀರ ಚಕ್ರ ಕೊಟ್ಟರು, ಸರಿಯೇ ಆಯಿತು. ಆದರೆ ಒಟ್ಟು ಲೆಕ್ಕ ನೋಡಿ. 1950ರ ಜನವರಿ 26ರಂದು ಸ್ಥಾಪನೆಯಾಗಿ 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾದ ಪರಮವೀರ ಚಕ್ರ ಈವರೆಗೆ 21 ಮಂದಿಗೆ ಸಂದಿದೆ, 14 ಮಂದಿಗೆ ಮರಣೋತ್ತರವಾಗಿ. ಮರಣೋತ್ತರ ಎಂದು ಮೊದಲು ಹೇಳಿ ಆಮೇಲೆ ತಿದ್ದಿಕೊಂಡ ಪ್ರಸಂಗಗಳೂ ಇವೆ. 1962ರಲ್ಲಿ ಸತ್ತರೆಂದುಕೊಂಡಿದ್ದ ಧನ್ ಸಿಂಗ್ ಥಾಪಾ ಚೀನೀಯರ ಸೆರೆಯಿಂದ ಮರಳಿ ಬಂದರು. ಟೈಗರ್ ಹಿಲ್‌ನಲ್ಲಿ ಹಲವು ಗುಂಡು ತಿಂದ ಯೋಗೇಂದ್ರ ಸಿಂಗ್ ಯಾದವ್ ಆಸ್ಪತ್ರೆಯಲ್ಲಿದ್ದಾಗಲೇ ಅವರ ಹೆಸರು ಮರಣೋತ್ತರ ಪಟ್ಟಿಯಲ್ಲಿತ್ತು. 21ರಲ್ಲಿ ವಾಯುಪಡೆಯವರು ಒಬ್ಬರು, ನಿರ್ಮಲ್‌ಜಿತ್ ಸಿಂಗ್ ಸೇಖೋಂ. ನೌಕಾಪಡೆಯವರು ಯಾರೂ ಇಲ್ಲ. ಟ್ಯಾಂಕ್ ಪಡೆಯವರು ಇಬ್ಬರು, ತಾರಾಪೋರ್ ಮತ್ತು ಖೇತರ್ಪಾಲ್. ಎಂಜಿನಿಯರ್ ಪಡೆಯಿಂದ ರಾಣೆ ಒಬ್ಬರೇ. ಉಳಿದವರು ಹೆಚ್ಚುಕಡಿಮೆ ಎಲ್ಲರೂ ಕಾಲಾಳು ದಳದವರು.

ಫಿರಂಗಿ ದಳ, ಸಿಗ್ನಲ್ಸ್, ವೈದ್ಯಕೀಯ ದಳ, ಸರಬರಾಜು ದಳ: ಈ ಸಾಲಿನಲ್ಲಿ ಒಬ್ಬರೂ ಇಲ್ಲ. ಶೆಲ್ ಬಿದ್ದು ತುಂಡಾದ ಟೆಲಿಫೋನ್ ತಂತಿಯನ್ನು ಕತ್ತಲಲ್ಲಿ ತಡಕಿ ಕೂಡಿಸಿ ಬರುವವನು, ಸ್ಟ್ರೆಚರ್ ಹೊತ್ತು ಇಳಿಜಾರಿನಲ್ಲಿ ಎರಡು ಕೈಯೂ ಖಾಲಿಯಿಲ್ಲದೆ ನಡೆಯುವವನು, ಕಾರ್ಗಿಲ್‌ನಲ್ಲಿ ಮದ್ದುಗುಂಡು, ರೊಟ್ಟಿ, ನೀರು ಹೊತ್ತು ಮೇಲೇರಿದ ಲಡಾಖಿನ ಹಮಾಲಿಗಳು, ಇವರೆಲ್ಲ ಗುಂಡಿನ ನಡುವೆಯೇ ಇದ್ದವರು. ನುಗ್ಗಿ ಗೆದ್ದ ಬಂಕರಿಗೆ ಗುರುತು ಉಳಿಯುತ್ತದೆ, ಕೂಡಿಸಿದ ತಂತಿಗೆ ಉಳಿಯುವುದಿಲ್ಲ. ಹಮಾಲಿಗಳಂತೂ ಸಮವಸ್ತ್ರದವರೇ ಅಲ್ಲ, ಅವರ ಹೆಸರು ಇದ್ದದ್ದು ಕೂಲಿ ಪಟ್ಟಿಯಲ್ಲಿ.